ಗಣಕಯಂತ್ರದ ಕೋಣೆಗೆ ತಂಪು ತರುವ ಬಗೆ

(ಮಲೆನಾಡಿನ ಹಳ್ಳಿಗಳ ಪ್ರತಿನಿಧಿಗಳಿಗೂ ವಿದ್ಯಾರ್ಥಿಗಳಿಗೂ ಏರ್ಪಡಿಸಿದ್ದ ಮಳೆಗಾಲದ ಅಧ್ಯಯನ ಶಿಬಿರದಲ್ಲಿ ಶೈತ್ಯೀಕರಣ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾಡು, ಹೊಳೆ, ಬೆಟ್ಟಗಳ ವಿಚಾರ ಮಾತನಾಡುವ ಈ ವೇದಿಕೆಯಲ್ಲಿ ಯಂತ್ರಗಳನ್ನು ತಣ್ಣಗಿಡುವ ಕಸುಬಿನವನಿಗೆ ಏನು ಕೆಲಸ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಮೂಡಿರಬಹುದು. ಆಹ್ವಾನ ಬಂದಾಗ ನನಗೂ ಅದೇ ಪ್ರಶ್ನೆ ಮೂಡಿತ್ತು. ಸಂಘಟಕರು ಕೊಟ್ಟ ಕಾರಣ ಸರಳವಾಗಿತ್ತು. ನಮ್ಮ ಕಡೆಯ ಸಹಕಾರ ಸಂಘಗಳು, ಕಾಲೇಜುಗಳು, ಆಸ್ಪತ್ರೆಗಳು ತಮ್ಮ ದಾಖಲೆಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಿವೆ. ಆ ಯಂತ್ರಗಳಿಗೊಂದು ಕೋಣೆ, ಕೋಣೆಗೊಂದು ತಂಪು ಬೇಕಾಗುತ್ತದೆ. ಕೋಣೆ ಮಾಡಿಕೊಡುವವರು ಪೇಟೆಯಿಂದ ಬರುತ್ತಾರೆ, ಯಂತ್ರ ಕೂರಿಸುತ್ತಾರೆ, ಬಿಲ್ಲು ಪಡೆದು ಹೋಗುತ್ತಾರೆ. ಉಳಿಯುವವರು ಊರಿನವರು. ಆದ್ದರಿಂದ ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿವಳಿಕೆಯಾದರೂ ಊರಿನವರಿಗೆ ಇರಬೇಕು. ಇಂದಿನ ಮಾತಿನ ಉದ್ದೇಶ ಇಷ್ಟೇ.

ನನ್ನದೊಂದು ತಪ್ಪಿನಿಂದಲೇ ಆರಂಭಿಸುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಘಟ್ಟದ ಮೇಲಿನ ಒಂದು ಸಹಕಾರ ಸಂಘಕ್ಕೆ ಇಂಥದೊಂದು ಕೋಣೆ ಸಿದ್ಧಪಡಿಸುವ ಹೊಣೆ ನನಗೆ ಬಂದಿತ್ತು. ಸಂಘದ ಹೆಸರು ಬೇಡ, ತಪ್ಪು ಅವರದಾಗಿರಲಿಲ್ಲ. ನಾನು ಹೋದದ್ದು ಬೇಸಿಗೆಯಲ್ಲಿ. ಕೋಣೆ ಅಳೆದೆ, ಎರಡು ತಂಪುಯಂತ್ರ ಕೂರಿಸಿದೆ, ಎರಡು ದಿನ ನಡೆಸಿ ನೋಡಿದೆ, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಬಂದೆ. ಆಷಾಢದಲ್ಲಿ ಒಂದು ರಾತ್ರಿ ಮರ ಬಿದ್ದು ವಿದ್ಯುತ್ತು ಹೋಯಿತು. ಜನರೇಟರ್ ಚಾಲೂ ಆಯಿತು. ಅದರ ಮೂರು ಫೇಸುಗಳ ಸರದಿ ಹೊರಗಿನ ತಂತಿಯ ಸರದಿಗಿಂತ ಬೇರೆಯಾಗಿತ್ತು. ಅದನ್ನು ನಾನು ಪರೀಕ್ಷಿಸಿರಲೇ ಇಲ್ಲ. ಸರದಿ ತಪ್ಪಿದರೆ ಆ ಜಾತಿಯ ಕಂಪ್ರೆಸರ್ ಹಿಮ್ಮುಖವಾಗಿ ತಿರುಗುತ್ತದೆ; ಸದ್ದು ಮಾಡುತ್ತದೆಯೇ ಹೊರತು ತಂಪು ಕೊಡುವುದಿಲ್ಲ. ಕಾವಲಿನವರು ಫ್ಯಾನಿನ ಸದ್ದು ಕೇಳಿ ಎಲ್ಲ ಸರಿಯಿದೆ ಎಂದುಕೊಂಡರು. ಬೆಳಿಗ್ಗೆ ಬಾಗಿಲು ತೆರೆದಾಗ ಒಳಗೆ ಒಲೆಯ ಮುಂದೆ ನಿಂತಂತಿತ್ತು. ದಾಖಲೆಗಳಿದ್ದ ಡಿಸ್ಕುಗಳು ಕೆಟ್ಟಿದ್ದವು. ಅವುಗಳ ನಕಲು ಅದೇ ಕೋಣೆಯ ಇನ್ನೊಂದು ಯಂತ್ರದಲ್ಲಿತ್ತು, ಅದೂ ಕೆಟ್ಟಿತ್ತು. ಪೇಟೆಗೆ ಕಳಿಸಿದ್ದ ಹಳೆಯ ಪ್ರತಿಯಿಂದ ಉಳಿದುದೆಲ್ಲ ಸಿಕ್ಕಿತು. ಕೊನೆಯ ಹನ್ನೊಂದು ದಿನಗಳ ಜಮಾಖರ್ಚು ಸಿಗಲಿಲ್ಲ.

ಆ ಹನ್ನೊಂದು ದಿನಗಳಲ್ಲಿ ಒಬ್ಬ ವೃದ್ಧೆ ಅಡಿಕೆ ಮಾರಿದ ಹಣದಿಂದ ತಮ್ಮ ಸಾಲದ ಕಂತು ತೀರಿಸಿದ್ದರು. ಅವರು ಬಂದು ನನ್ನೆದುರೇ ಕೇಳಿದರು: “ನಾನು ಕಟ್ಟಿದ್ದು ಎಲ್ಲಿ ಹೋಯಿತು?” ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಇದ್ದದ್ದು ಸಂಘದ ಹಳೆಯ ಗುಮಾಸ್ತರಲ್ಲಿ. ಅವರು ಯಂತ್ರ ಬಂದ ಮೇಲೂ ಅಭ್ಯಾಸ ಬಿಡದೆ ದಿನವಹಿ ಪುಸ್ತಕ ಬರೆಯುತ್ತಿದ್ದರು. ಯಂತ್ರದ ಮೇಲೆ ನಂಬಿಕೆಯಿಲ್ಲವೇ ಎಂದು ಕೇಳಿದ್ದಕ್ಕೆ, ಯಂತ್ರದ ವಿಷಯ ಗೊತ್ತಿಲ್ಲ, ಮಳೆಯ ವಿಷಯ ಗೊತ್ತು ಎಂದರು. ಆ ಮಾತು ನನಗೆ ಇಂದಿಗೂ ಪಾಠವಾಗಿ ಉಳಿದಿದೆ.

ಒಂದೇ ವರ್ಷದ ಎರಡು ಘಟನೆಗಳು

ಇತಿಹಾಸದ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದೇ ವರ್ಷ ಅಮೆರಿಕದಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರ್ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಹೊಸ ಬಗೆಯ ಯಂತ್ರದ ನಕ್ಷೆ ಬರೆದ. ಆ ಮುದ್ರಣಾಲಯದ ಕಷ್ಟ ಸೆಕೆಯಲ್ಲ, ತೇವ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಒತ್ತುವ ಬಣ್ಣಗಳು ಜಾಗ ತಪ್ಪುತ್ತಿದ್ದವು. ಗಾಳಿಯಲ್ಲಿರುವ ನೀರನ್ನು ಅಳತೆಗೆ ತರುವುದಕ್ಕಾಗಿ ಹುಟ್ಟಿದ ಯಂತ್ರವೇ ಮುಂದೆ ಏರ್ ಕಂಡೀಷನರ್ ಎಂಬ ಹೆಸರಿನಿಂದ ಲೋಕವನ್ನೆಲ್ಲ ವ್ಯಾಪಿಸಿತು. ಮನುಷ್ಯರ ಸುಖ ಆಮೇಲಿನ ಮಾತು.

ಅಲ್ಲಿ ಮೂಲದಲ್ಲೇ ಇರುವ ಈ ತೇವದ ಪ್ರಶ್ನೆ ನಮ್ಮ ಮಲೆನಾಡಿಗೆ ಎಷ್ಟು ಹತ್ತಿರದ್ದೆಂದು ನಿಮಗೆ ವಿವರಿಸಬೇಕಾಗಿಲ್ಲ. ಶ್ರಾವಣ ಮುಗಿಯುವುದರೊಳಗೆ ಪೆಟ್ಟಿಗೆಯ ಚರ್ಮಕ್ಕೆ, ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುವ ಊರುಗಳು ನಮ್ಮವು.

ಗಣಕಯಂತ್ರವೆಂಬ ಒಲೆ

ಗಣಕಯಂತ್ರ ಎಷ್ಟು ಬುದ್ಧಿವಂತಿಕೆಯ ಕೆಲಸ ಮಾಡಿದರೂ ಭೌತಶಾಸ್ತ್ರದ ಕಣ್ಣಿಗೆ ಅದೊಂದು ಒಲೆ. ಅದು ಹೀರಿಕೊಂಡ ವಿದ್ಯುತ್ತು ಬಹುಮಟ್ಟಿಗೆ ಪೂರ್ತಿಯಾಗಿ ಶಾಖವಾಗಿ ಹೊರಬರುತ್ತದೆ. 1946ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಎಂಬ ಅಮೆರಿಕದ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ಅದು ಸುಮಾರು 150 ಕಿಲೋವಾಟ್ ವಿದ್ಯುತ್ತು ಬಳಸುತ್ತಿತ್ತು. ಅದರ ಬಿಸಿಯನ್ನು ಹೊರದೂಡಲು ದೊಡ್ಡ ಫ್ಯಾನುಗಳೇ ಬೇಕಾಗಿದ್ದವು. ಇಂದಿನ ಯಂತ್ರ ಚಿಕ್ಕದಾಗಿದೆ, ಆದರೆ ಅದರ ಶಾಖ ಚಿಕ್ಕ ಜಾಗದಲ್ಲಿ ದಟ್ಟವಾಗಿದೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಕೋಣೆ. ಅದರಲ್ಲಿ 10 ಕಿಲೋವಾಟಿನ ಸರ್ವರುಗಳು. ಬಿಡುವಿಲ್ಲದ ವಿದ್ಯುತ್ತು ಕೊಡುವ ಯುಪಿಎಸ್ ಪೆಟ್ಟಿಗೆಯ ನಷ್ಟ 1 ಕಿಲೋವಾಟ್. ದೀಪ, ಒಳಗೆ ಬರುವ ಒಬ್ಬಿಬ್ಬರು ಮನುಷ್ಯರು, ಗೋಡೆಯಿಂದ ನುಸುಳುವ ಬಿಸಿ ಎಲ್ಲ ಸೇರಿ ಇನ್ನೊಂದು ಕಿಲೋವಾಟ್. ಒಟ್ಟು 12. ತಂಪಿನ ಅಳತೆಯಾದ ಒಂದು ಟನ್ ಎಂದರೆ ಸುಮಾರು 3.5 ಕಿಲೋವಾಟ್ ಶಾಖವನ್ನು ಎತ್ತಿ ಹೊರಹಾಕುವ ಶಕ್ತಿ. ಅಂದರೆ ಸುಮಾರು ಮೂರೂವರೆ ಟನ್ ಬೇಕು. ಒಂದು ಕೆಟ್ಟಾಗ ಇನ್ನೊಂದು ನಡೆಯಲಿ ಎಂದು ಅಷ್ಟೇ ಶಕ್ತಿಯ ಎರಡು ಯಂತ್ರಗಳನ್ನಿಡಬೇಕು.

ಎರಡೂ ನಿಂತರೆ ಏನಾಗುತ್ತದೆ? ಈ ಕೋಣೆಯಲ್ಲಿರುವ ಗಾಳಿಯ ತೂಕ ಸುಮಾರು 100 ಕಿಲೋ. ಗಾಳಿಯನ್ನಷ್ಟೇ ಲೆಕ್ಕ ಹಿಡಿದರೆ 10 ಕಿಲೋವಾಟಿನ ಶಾಖ ಅದನ್ನು ನಿಮಿಷಕ್ಕೆ 6 ಡಿಗ್ರಿಯಷ್ಟು ಕಾಯಿಸಬಲ್ಲದು. ಗೋಡೆ, ಕಬ್ಬಿಣ, ನೆಲ ಒಂದಿಷ್ಟು ಹೀರಿಕೊಳ್ಳುವುದರಿಂದ ನಿಜದಲ್ಲಿ ಏರಿಕೆ ನಿಧಾನ. ಆದರೂ ಅದು ಗಂಟೆಗಳ ಮಾತಲ್ಲ, ನಿಮಿಷಗಳ ಮಾತು. ಯುಪಿಎಸ್ ಸರ್ವರುಗಳನ್ನು ನಡೆಸುತ್ತಲೇ ಇರುತ್ತದೆ, ತಂಪುಯಂತ್ರ ಮಾತ್ರ ಜನರೇಟರಿಗಾಗಿ ಕಾಯುತ್ತಿರುತ್ತದೆ. ಒಲೆ ಉರಿಯುತ್ತಿದೆ, ಹೊಗೆಗಂಡಿ ಮುಚ್ಚಿದೆ ಎಂಬಂಥ ಸ್ಥಿತಿ ಅದು.

ಕೋಣೆಯನ್ನು ಆರಿಸುವುದು

ಯಂತ್ರ ಕೊಳ್ಳುವ ಮೊದಲು ಕೋಣೆಯನ್ನು ನೋಡಬೇಕು. ಪಶ್ಚಿಮದ ಬಿಸಿಲು ಬೀಳುವ ಗೋಡೆ, ಹೆಂಚಿನ ಕೆಳಗಿನ ಅಟ್ಟ, ಮೇಲೆ ಬಚ್ಚಲೋ ನೀರಿನ ತೊಟ್ಟಿಯೋ ಇರುವ ಜಾಗ, ಗೋಡೆಯೊಳಗೆ ನೀರಿನ ಕೊಳವೆ ಹಾಯ್ದಿರುವ ಜಾಗ, ಮಳೆಗಾಲದಲ್ಲಿ ಒರತೆ ಏಳುವ ನೆಲ, ಇವೆಲ್ಲ ಸಲ್ಲವು. ಸುತ್ತ ಬೇರೆ ಕೋಣೆಗಳಿರುವ ನಡುಮನೆಯಂಥ ಜಾಗ ಒಳ್ಳೆಯದು. ಹಿರಿಯರು ಭತ್ತದ ಪಣತವನ್ನು ಮನೆಯ ನಡುವೆ ಕಟ್ಟುತ್ತಿದ್ದುದರ ಹಿಂದೆ ಇದೇ ವಿವೇಕವಿತ್ತು. ನೆಲ ಭಾರ ಹೊರಬಲ್ಲುದೇ ಎಂಬುದನ್ನೂ ಕೇಳಬೇಕು. ತುಂಬಿದ ಒಂದು ರ‍್ಯಾಕು, ಬ್ಯಾಟರಿಗಳ ಸಾಲು ಕೆಲವು ಕ್ವಿಂಟಲ್ ತೂಗುತ್ತವೆ.

ಸೀಸದ ಬ್ಯಾಟರಿಗಳನ್ನು ಸರ್ವರುಗಳ ಜೊತೆ ಇಡಬಾರದು. ಅವು ಚಾರ್ಜ್ ಆಗುವಾಗ ಜಲಜನಕ ಬಿಡಬಲ್ಲವು. ಅವುಗಳ ಕೋಣೆಗೆ ಗಾಳಿಯಾಡಬೇಕು. ಸೆಕೆಯೂ ಅವುಗಳಿಗಾಗದು. ಉಷ್ಣತೆ 25 ಡಿಗ್ರಿಗಿಂತ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕೋಣೆಯನ್ನು ಮುಚ್ಚುವುದು

ನಮ್ಮ ಕಡೆ ಅತ್ಯಂತ ಮುಖ್ಯವಾದ ಹೆಜ್ಜೆ ಇದು. ಪೇಟೆಯ ಗುತ್ತಿಗೆದಾರರು ಅತಿ ಹೆಚ್ಚು ಅಲಕ್ಷಿಸುವುದೂ ಇದನ್ನೇ. ಮಳೆಗಾಲದ ನಮ್ಮ ಗಾಳಿ, 24 ಡಿಗ್ರಿಯಲ್ಲಿ ಶೇಕಡಾ 95ರಷ್ಟು ತೇವದಿಂದ ಕೂಡಿದ್ದರೆ, ಒಂದು ಘನ ಮೀಟರಿಗೆ ಸುಮಾರು 20 ಗ್ರಾಂ ನೀರನ್ನು ಹೊತ್ತಿರುತ್ತದೆ. ಕೋಣೆಯೊಳಗೆ ನಮಗೆ ಬೇಕಾದುದು ಅದರ ಅರ್ಧ. ಬಾಗಿಲ ಸಂದು, ಕಿಟಕಿ, ತಂತಿ ಬರುವ ತೂತುಗಳಿಂದ ಗಂಟೆಗೆ 50 ಘನ ಮೀಟರ್ ಹೊರಗಾಳಿ ನುಸುಳಿತೆನ್ನಿ. ಆಗ ಗಂಟೆಗೆ ಅರ್ಧ ಲೀಟರ್, ದಿನಕ್ಕೆ 12 ಲೀಟರ್ ನೀರು ಕೋಣೆಯೊಳಗೆ ಬಂತು. ಒಂದು ಕೊಡ ನೀರನ್ನು ದಿನವೂ ಒಳಗೆ ಸುರಿದು, ವಿದ್ಯುತ್ತು ಖರ್ಚು ಮಾಡಿ ಹೊರಗೆ ಚೆಲ್ಲಿದಂತೆ.

ಆದ್ದರಿಂದ ಕಿಟಕಿಗಳನ್ನು ಇಟ್ಟಿಗೆಯಿಂದಲೇ ಮುಚ್ಚಬೇಕು. ತಂತಿಗಳ ತೂತುಗಳನ್ನು ಬೆಂಕಿ ತಡೆಯುವ ಗಾರೆಯಿಂದ ತುಂಬಬೇಕು. ಗೋಡೆ, ಮೇಲ್ಚಾವಣಿಗಳಿಗೆ ಆವಿ ದಾಟದಂಥ ಬಣ್ಣ ಬಳಿಯಬೇಕು. ಗಾರೆಯ ನೆಲದಿಂದ ಏಳುವ ಧೂಳು ಯಂತ್ರದ ಶ್ವಾಸಕ್ಕೆ ಶತ್ರು. ಅದಕ್ಕೂ ಲೇಪ ಬೇಕು. ಬಾಗಿಲಿಗೆ ರಬ್ಬರಿನ ಅಂಚು, ತಾನಾಗಿ ಮುಚ್ಚಿಕೊಳ್ಳುವ ಕೀಲು ಬೇಕು. ಈ ಕೆಲಸಕ್ಕೆ ಊರಿನ ಗಾರೆ ಕೆಲಸದವರು, ಬಡಗಿಗಳು ಸಾಕು. ವಿದೇಶಿ ಯಂತ್ರ ಬೇಕಾಗಿಲ್ಲ. ಗಾರೆ ಒಣಗುವ ಮೊದಲು ಸರ್ವರುಗಳನ್ನು ಒಳಗೆ ತರಲೂ ಬಾರದು.

ಬಿಸಿಗೂ ತಂಪಿಗೂ ಬೇರೆ ದಾರಿ

ಸರ್ವರು ಮುಂಭಾಗದಿಂದ ತಂಪು ಗಾಳಿ ಹೀರಿ ಹಿಂಭಾಗದಿಂದ ಬಿಸಿ ಗಾಳಿ ಉಸಿರಾಡುತ್ತದೆ. ರ‍್ಯಾಕುಗಳನ್ನೆಲ್ಲ ಶಾಲೆಯ ಬೆಂಚುಗಳಂತೆ ಒಂದೇ ದಿಕ್ಕಿಗೆ ನಿಲ್ಲಿಸಿದರೆ ಮುಂದಿನ ಸಾಲಿನ ಬಿಸಿಯುಸಿರನ್ನೇ ಹಿಂದಿನ ಸಾಲು ಸೇದಬೇಕಾಗುತ್ತದೆ. 1990ರ ದಶಕದಿಂದ ರೂಢಿಗೆ ಬಂದ ಕ್ರಮವೆಂದರೆ, ಸಾಲುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸುವುದು. ಆಗ ಒಂದು ಓಣಿ ತಂಪಿನದು, ಮತ್ತೊಂದು ಬಿಸಿಯದು. ರ‍್ಯಾಕಿನಲ್ಲಿ ಖಾಲಿ ಉಳಿದ ಜಾಗಗಳಿಗೆ ಮುಚ್ಚುಹಲಗೆ ಹಾಕಬೇಕು. ಇಲ್ಲವಾದರೆ ಹಿಂದಿನ ಬಿಸಿ ಆ ಬಾಯಿಯಿಂದ ಮುಂದಕ್ಕೆ ಮರಳುತ್ತದೆ. ಇದಕ್ಕಿಂತ ಅಗ್ಗದ ಉಳಿತಾಯ ಈ ಕಸುಬಿನಲ್ಲಿ ಮತ್ತೊಂದಿಲ್ಲ.

ದೊಡ್ಡ ಕೋಣೆಗಳಲ್ಲಿ ನೆಲದ ಮೇಲೆ ಒಂದರಿಂದ ಒಂದೂವರೆ ಅಡಿ ಎತ್ತರಕ್ಕೆ ಹಲಗೆಗಳ ಎರಡನೆಯ ನೆಲ ಹಾಕಿ, ಅದರ ಕೆಳಗಿನಿಂದ ತಂಪು ಗಾಳಿ ಹಾಯಿಸುತ್ತಾರೆ. ತೂತುಗಳುಳ್ಳ ಹಲಗೆಗಳು ತಂಪು ಓಣಿಯಲ್ಲಿ ಮಾತ್ರ ಇರಬೇಕು. ಕೆಳಗಿನ ಮೂಲ ನೆಲಕ್ಕೆ ಶಾಖನಿರೋಧಕ ಹಾಸಬೇಕು. ಹಾಸದಿದ್ದರೆ ನೆಲ ತಣ್ಣಗಾಗಿ ಕೆಳಗಿನ ಮಹಡಿಯ ಛಾವಣಿ ಬೆವರಿ ಹನಿಯುತ್ತದೆ. ನಮ್ಮ ಉದಾಹರಣೆಯಂಥ ಚಿಕ್ಕ ಕೋಣೆಗೆ ಈ ಎರಡನೆಯ ನೆಲ ಬೇಕಾಗುವುದಿಲ್ಲ. ಬೇಕೇಬೇಕೆಂದು ಒತ್ತಾಯಿಸುವವರನ್ನು ಏಕೆ ಎಂದು ಕೇಳಿ.

ಸೂಕ್ಷ್ಮ ತಂಪುಯಂತ್ರವೆಂದರೇನು?

ಮನೆಯ ಎಸಿಯನ್ನೇ ಹಾಕಿದರಾಗದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಒಂದೆರಡು ಯಂತ್ರಗಳಿಗೆ ಅದೇ ಸಾಕು. ವ್ಯತ್ಯಾಸ ಎಲ್ಲಿದೆಯೆಂದರೆ, ಮನುಷ್ಯ ಬೆವರುತ್ತಾನೆ, ಸರ್ವರ್ ಬೆವರುವುದಿಲ್ಲ. ಮನೆಯ ಎಸಿಯನ್ನು ಮನುಷ್ಯರ ಬೆವರು, ಉಸಿರುಗಳ ತೇವವನ್ನೂ ತೆಗೆಯುವಂತೆ ರೂಪಿಸಿರುತ್ತಾರೆ. ಅದರ ಶಕ್ತಿಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಗಾಳಿಯ ನೀರು ಇಳಿಸುವುದಕ್ಕೆ ಹೋಗಬಹುದು. ಸೂಕ್ಷ್ಮ ತಂಪುಯಂತ್ರ ಹೆಚ್ಚು ಗಾಳಿಯನ್ನು ಹಾಯಿಸಿ, ಸುರುಳಿಯನ್ನು ಅತಿಯಾಗಿ ತಣ್ಣಗಾಗಿಸದೆ, ತನ್ನ ಶಕ್ತಿಯ ಶೇಕಡಾ 90ಕ್ಕೂ ಮಿಕ್ಕಿ ಭಾಗವನ್ನು ನೇರವಾಗಿ ಬಿಸಿ ತೆಗೆಯಲು ಬಳಸುತ್ತದೆ. ದಿನದ 24 ಗಂಟೆ, ವರ್ಷದ 365 ದಿನ ನಡೆಯುವಂತೆ ಅದನ್ನು ಕಟ್ಟಿರುತ್ತಾರೆ. ತೇವ ಕಡಿಮೆಯಾದರೆ ಸೇರಿಸುವ, ಹೆಚ್ಚಾದರೆ ತೆಗೆಯುವ, ತಪ್ಪಾದರೆ ಕೂಗಿ ಎಚ್ಚರಿಸುವ ವ್ಯವಸ್ಥೆ ಅದರಲ್ಲಿರುತ್ತದೆ.

ತೇವವನ್ನು ಲೆಕ್ಕಿಸದಿದ್ದರೆ ದೊಡ್ಡವರಿಗೂ ಸೋಲು. ಅಮೆರಿಕದ ಒರೆಗಾನ್ ರಾಜ್ಯದ ಪ್ರೈನ್‌ವಿಲ್‌ನಲ್ಲಿ ಫೇಸ್‌ಬುಕ್ ಸಂಸ್ಥೆ ಹೊರಗಾಳಿಯಿಂದಲೇ ತಂಪಾಗುವ ದೊಡ್ಡ ಗಣಕಾಗಾರ ಕಟ್ಟಿತು. 2011ರ ಬೇಸಿಗೆಯಲ್ಲಿ ಅಲ್ಲಿನ ನಿಯಂತ್ರಣ ವ್ಯವಸ್ಥೆ ತಪ್ಪಿ, ತೇವದ ಗಾಳಿ ಒಳಗೇ ಸುತ್ತಿ, ಸರ್ವರುಗಳ ಮೇಲೆ ನೀರು ಹನಿಗಟ್ಟಿತು. ಕೋಣೆಯೊಳಗೇ ಮೋಡ ಕವಿಯಿತೆಂದು ಆ ಸಂಸ್ಥೆಯವರೇ ಮುಂದೆ ಒಪ್ಪಿಕೊಂಡರು. ಮೋಡ ಮನೆಯೊಳಗೆ ಬಂದುಹೋಗುವುದು ನಮಗೆ ಹೊಸತಲ್ಲ. ಆದರೆ ಸರ್ವರಿಗೆ ಅದು ಸಲ್ಲದು.

ಕೂರಿಸುವಾಗ ನೋಡಬೇಕಾದುದು

ಹೊರಗಿನ ಘಟಕ ನೆರಳಿನಲ್ಲಿರಲಿ, ಸುತ್ತ ಗಾಳಿಯಾಡಲಿ, ಮರದ ಎಲೆ ಬಿದ್ದು ಮುಚ್ಚಿಕೊಳ್ಳದಿರಲಿ. ಮಂಗಗಳ ಕೈಗೆ ಸಿಗದಂತೆ ಬಲೆ ಬೇಕು. ಬಲೆ ಗಾಳಿಗೆ ಅಡ್ಡಿಯಾಗಬಾರದು. ತಾಮ್ರದ ಕೊಳವೆಗಳನ್ನು ಬೆಸೆಯುವಾಗ ಒಳಗೆ ಸಾರಜನಕ ಹಾಯಿಸುತ್ತಿರಬೇಕು. ಇಲ್ಲದಿದ್ದರೆ ಒಳಗೋಡೆ ಸುಟ್ಟು ಕಪ್ಪು ಹುಡಿ ಕಂಪ್ರೆಸರಿಗೆ ಹೋಗುತ್ತದೆ. ಬೆಸೆದ ಮೇಲೆ ಸಾರಜನಕದ ಒತ್ತಡ ತುಂಬಿ ಒಂದು ದಿನ ಬಿಡಬೇಕು. ಮಾಪಕದ ಮುಳ್ಳು ಇಳಿದರೆ ಸೋರಿಕೆಯಿದೆ ಎಂದರ್ಥ. ಆಮೇಲೆ ನಿರ್ವಾತ ಪಂಪಿನಿಂದ ಒಳಗಿನ ಗಾಳಿ, ತೇವಗಳನ್ನು ಪೂರ್ತಿ ಎಳೆದು, ಶೀತಕವನ್ನು ತೂಗಿಯೇ ತುಂಬಬೇಕು. ಅಂದಾಜಿನ ಕೆಲಸ ಸಲ್ಲದು.

ಈ ಶೀತಕದ ಬಗ್ಗೆ ನಿಮ್ಮಂಥವರು ಕೇಳಲೇಬೇಕು. ಹಿಂದೆ ಬಳಕೆಯಲ್ಲಿದ್ದ ಆರ್-22 ಓಜೋನ್ ಪದರಕ್ಕೆ ಹಾನಿಕರ. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಹಿಂದೆ ಸರಿಯುತ್ತಿದೆ. ಅದರ ಜಾಗಕ್ಕೆ ಬಂದ ಆರ್-410ಎ ಓಜೋನಿಗೆ ಹಾನಿ ಮಾಡದು; ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಅದರ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ ಸುಮಾರು 2,000 ಕಿಲೋಗೆ ಸಮ. 6 ಕಿಲೋ ಸೋರಿಹೋದರೆ 12 ಟನ್ನಿನ ಪಾಪ. ಇಂಥವುಗಳನ್ನೂ ತಗ್ಗಿಸಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು. ಹಳೆಯ ಯಂತ್ರ ಬಿಚ್ಚುವಾಗ ಶೀತಕವನ್ನು ಗಾಳಿಗೆ ಬಿಡುವುದು ಸುಲಭ, ಸಿಲಿಂಡರಿಗೆ ಹಿಡಿದಿಡುವುದು ಕರ್ತವ್ಯ. ಎದುರು ನಿಂತು ನೋಡುವವರಿದ್ದರೆ ಕರ್ತವ್ಯ ಹೆಚ್ಚು ನೆನಪಾಗುತ್ತದೆ.

ಸುರುಳಿಯಿಂದ ಇಳಿಯುವ ನೀರಿಗೆ ಇಳಿಜಾರಿನ ಕೊಳವೆ, ನಡುವೆ ನೀರು ನಿಲ್ಲುವ ಬಾಗು, ನೆಲದಲ್ಲಿ ನೀರು ಕಂಡರೆ ಕೂಗುವ ತಂತಿ ಬೇಕು. ಇನ್ನು ನಾನು ಎಡವಿದ ಜಾಗ: ಫೇಸುಗಳ ಸರದಿಯನ್ನು ಹೊರಗಿನ ವಿದ್ಯುತ್ತಿನಲ್ಲೂ ಜನರೇಟರಿನಲ್ಲೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಸರದಿ ತಪ್ಪಿದರೆ ಯಂತ್ರವನ್ನು ನಿಲ್ಲಿಸಿ ಎಚ್ಚರಿಸುವ ಚಿಕ್ಕ ರಿಲೇ ಇದೆ, ಅದು ದುಬಾರಿಯದಲ್ಲ.

ಕೊನೆಯದು ಪರೀಕ್ಷೆ. ಸರ್ವರುಗಳನ್ನು ತರುವ ಮೊದಲು ಅಷ್ಟೇ ಶಕ್ತಿಯ ಹೀಟರುಗಳನ್ನು ಕೋಣೆಯಲ್ಲಿಟ್ಟು ಉರಿಸಿ ನೋಡಬೇಕು. ಒಂದು ಯಂತ್ರವನ್ನು ಬೇಕೆಂದೇ ನಿಲ್ಲಿಸಬೇಕು. ಹೊರಗಿನ ವಿದ್ಯುತ್ತನ್ನು ಬೇಕೆಂದೇ ತೆಗೆಯಬೇಕು. ಎಷ್ಟು ನಿಮಿಷಕ್ಕೆ ಎಷ್ಟು ಬಿಸಿ ಏರಿತು, ಎಚ್ಚರಿಕೆಯ ಗಂಟೆ ಯಾರ ಕಿವಿಗೆ ಬಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಸಾಧ್ಯವಾದರೆ ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಬೇಕು.

ನೀರಿನ ಲೆಕ್ಕ

ಇಷ್ಟು ಹೊತ್ತು ಕೋಣೆಯೊಳಗೆ ಇದ್ದೆವು. ಈಗ ತಂತಿಯನ್ನು ಹಿಡಿದು ಹೊರಗೆ ಹೋಗೋಣ. ನಮ್ಮ 10 ಕಿಲೋವಾಟಿನ ಸರ್ವರುಗಳು ವರ್ಷವಿಡೀ ನಡೆದರೆ 87,600 ಯೂನಿಟ್. ತಂಪು, ಯುಪಿಎಸ್ ಎಲ್ಲ ಸೇರಿ ಇಡೀ ಕೋಣೆ ಬಳಸುವ ವಿದ್ಯುತ್ತನ್ನು ಸರ್ವರುಗಳು ಬಳಸುವ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಪಿಯುಇ ಎನ್ನುತ್ತಾರೆ. 2007ರಿಂದ ಲೋಕವೆಲ್ಲ ಒಪ್ಪಿಕೊಂಡ ಅಳತೆ ಇದು. ಚೆನ್ನಾಗಿ ಮುಚ್ಚಿದ, ಓಣಿ ಬೇರ್ಪಡಿಸಿದ ಕೋಣೆಯಲ್ಲಿ ಅದು 1.5 ಇರಬಹುದು; ಅಡ್ಡಾದಿಡ್ಡಿ ಕೋಣೆಯಲ್ಲಿ 2. ಎರಡಕ್ಕೂ ನಡುವಿನ ಅಂತರ ವರ್ಷಕ್ಕೆ 43,800 ಯೂನಿಟ್.

400 ಮೀಟರ್ ಎತ್ತರದಿಂದ ಬಿದ್ದು ಟರ್ಬೈನ್ ತಿರುಗಿಸುವ 1,000 ಲೀಟರ್ ನೀರು ಸುಮಾರು ಒಂದು ಯೂನಿಟ್ ವಿದ್ಯುತ್ತು ಕೊಡುತ್ತದೆ. ವಿದ್ಯಾರ್ಥಿಗಳು ಮನೆಗೆ ಹೋಗಿ ಈ ಲೆಕ್ಕ ಮಾಡಿ ನೋಡಿ. ಅಂದರೆ ಕಿಟಕಿಯ ಸಂದು ಮುಚ್ಚದ, ಮುಚ್ಚುಹಲಗೆ ಹಾಕದ ಒಂದು ಚಿಕ್ಕ ಕೋಣೆಯ ಅಲಕ್ಷ್ಯ ವರ್ಷಕ್ಕೆ 4 ಕೋಟಿ 38 ಲಕ್ಷ ಲೀಟರ್ ನೀರು ಘಟ್ಟದಿಂದ ಬಿದ್ದುದಕ್ಕೆ ಸಮ. ಇಂದು ನಮ್ಮ ತಂತಿಯಲ್ಲಿ ಶರಾವತಿ, ಕಾಳಿಗಳ ಜೊತೆ ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣು, ಪಾವಗಡದ ಬಿಸಿಲು ಎಲ್ಲವೂ ಬೆರೆತಿವೆ ನಿಜ. ಆದರೆ ಎಲ್ಲಿಂದ ಬಂದರೂ ಯಾರದೋ ನೆಲದಿಂದಲೇ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲೂ ಇರಬಹುದು. ಅವರಿಗೆ ಯೂನಿಟ್ಟಿನ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದುದಲ್ಲ. ಅಮೆರಿಕದ ಕೊಲಂಬಿಯಾ ನದಿಯಲ್ಲಿ ಸೆಲೈಲೋ ಎಂಬ ಜಲಪಾತವಿತ್ತು. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅಲ್ಲಿ ಮೀನು ಹಿಡಿಯುತ್ತಿದ್ದರು. 1957ರಲ್ಲಿ ದ ಡ್ಯಾಲ್ಸ್ ಅಣೆಕಟ್ಟಿನ ಹಿನ್ನೀರು ಅದನ್ನು ಮುಳುಗಿಸಿತು. ಅದೇ ದ ಡ್ಯಾಲ್ಸ್ ಊರಿನಲ್ಲಿ 2006ರಲ್ಲಿ ಗೂಗಲ್ ಸಂಸ್ಥೆಯ ಗಣಕಾಗಾರ ಬಂತು. ನದಿಯ ಅಗ್ಗದ ವಿದ್ಯುತ್ತು ಅದನ್ನು ಕರೆತಂದ ಕಾರಣಗಳಲ್ಲೊಂದು. ಆ ಯಂತ್ರಗಳನ್ನು ತಣ್ಣಗಿಡಲು ಎಷ್ಟು ನೀರು ಬೇಕಾಗುತ್ತಿದೆ ಎಂಬುದು ಬಹುಕಾಲ ಗುಟ್ಟಾಗಿತ್ತು. ಪತ್ರಿಕೆಯೊಂದು ಕೇಳಿ, ವಿಷಯ ನ್ಯಾಯಾಲಯಕ್ಕೆ ಹೋಗಿ, ಕೊನೆಗೆ 2022ರಲ್ಲಿ ಹೊರಬಂದ ಅಂಕಿಗಳ ಪ್ರಕಾರ ಆ ಊರು ಬಳಸುವ ನೀರಿನ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತಿತ್ತು. ನೀರು ಆವಿಯಾಗುವುದರಿಂದ ತಂಪು ಪಡೆಯುವ ವ್ಯವಸ್ಥೆಯಲ್ಲಿ ಒಂದು ಯೂನಿಟ್ ಶಾಖ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಬೇಕು. ನೀರು ಉಳಿಸಿದರೆ ವಿದ್ಯುತ್ತು ಹೆಚ್ಚು ಬೇಕು, ವಿದ್ಯುತ್ತು ಉಳಿಸಿದರೆ ನೀರು ಹೆಚ್ಚು ಬೇಕು. ಈ ಇಕ್ಕಟ್ಟನ್ನು ಯಾರಾದರೂ ನಿಮ್ಮಿಂದ ಮರೆಸಿದರೆ ನಂಬಬೇಡಿ.

ಎಷ್ಟು ತಂಪು ಸಾಕು?

ಗಣಕಯಂತ್ರದ ಕೋಣೆ ಎಂದರೆ ಸ್ವೆಟರ್ ಹಾಕಿಕೊಂಡು ಹೋಗುವ ಜಾಗ ಎಂಬ ಕಲ್ಪನೆ ಹಳೆಯದಾಯಿತು. ಶೈತ್ಯೀಕರಣ ಎಂಜಿನಿಯರುಗಳ ಅಮೆರಿಕದ ಸಂಘವಾದ ಆಶ್ರೇ, ಸರ್ವರಿನ ಮುಂಭಾಗದ ಗಾಳಿ 20ರಿಂದ 25 ಡಿಗ್ರಿ ಇರಲೆಂದು 2004ರಲ್ಲಿ ಹೇಳಿತ್ತು. 2008ರಲ್ಲಿ ಆ ಮಿತಿಯನ್ನು 18ರಿಂದ 27ಕ್ಕೆ ಹಿಗ್ಗಿಸಿತು. 18ಕ್ಕೆ ಇಡುವ ಅಗತ್ಯವಿಲ್ಲ, 25ಕ್ಕೆ ಧೈರ್ಯವಾಗಿ ಇಡಬಹುದು. ಸಾಮಾನ್ಯ ಎಸಿಗಳಲ್ಲಿ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುತ್ತದೆಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಹೇಳಿತ್ತು. ಪ್ರಮಾಣ ಯಂತ್ರದಿಂದ ಯಂತ್ರಕ್ಕೆ ಬೇರೆಯಾದರೂ ದಿಕ್ಕು ಒಂದೇ.

ಅದಕ್ಕೂ ಮೊದಲಿನ ಪ್ರಶ್ನೆ: ಈ ಕೋಣೆ ಬೇಕೇ? ಫ್ಯಾನೂ ಇಲ್ಲದ, ಕೆಲವೇ ವಾಟ್ ಬಳಸುವ ಚಿಕ್ಕ ಗಣಕಯಂತ್ರಗಳು ಇಂದು ಸಿಗುತ್ತವೆ. ಒಂದು ಊರಿನ ಗ್ರಂಥಾಲಯದ ಪಟ್ಟಿ, ಮಳೆಯ ಲೆಕ್ಕ, 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಗಳು ಬರೆಸಬೇಕಾದ ಜೀವವೈವಿಧ್ಯ ದಾಖಲೆ, ಇವಕ್ಕೆ ಅಷ್ಟು ಸಾಕು. ಒಂದು ಒಣ ಕಪಾಟು, ಬೇರೆ ಊರಿನಲ್ಲೊಂದು ನಕಲು, ಕಾಗದದ ಮೇಲೊಂದು ಪ್ರತಿ ಇದ್ದರೆ ತಂಪುಕೋಣೆಯೇ ಬೇಕಿಲ್ಲ. ಬ್ಯಾಂಕು, ಆಸ್ಪತ್ರೆಗಳಂತೆ ನಿಜವಾಗಿ ಬೇಕಾದ ಕಡೆ ಸರಿಯಾಗಿ ಕಟ್ಟಬೇಕು. ಅರೆಬರೆ ಕಟ್ಟಿದರೆ ವಿದ್ಯುತ್ತೂ ಹೋಗುತ್ತದೆ, ದಾಖಲೆಯೂ ಹೋಗುತ್ತದೆ.

ಕಟ್ಟುವವರು ಬಂದಾಗ ಈ ಏಳು ಪ್ರಶ್ನೆ ಕೇಳಿ. ಒಟ್ಟು ಶಾಖ ಎಷ್ಟು ಕಿಲೋವಾಟ್, ಲೆಕ್ಕ ತೋರಿಸುವಿರಾ? ಹೊರಗಾಳಿ ನುಸುಳದಂತೆ ಏನು ಮಾಡಿದ್ದೀರಿ? ಬಿಸಿ ಗಾಳಿಯ ದಾರಿ ಯಾವುದು? ಶೀತಕ ಯಾವುದು, ಎಷ್ಟು ಕಿಲೋ, ಕೊನೆಗೆ ಅದನ್ನು ಎಲ್ಲಿಗೆ ಒಯ್ಯುವಿರಿ? ಜನರೇಟರಿನ ಮೇಲೆ ಪರೀಕ್ಷಿಸಿದ್ದೀರಾ? ತಂಪು ನಿಂತರೆ ಮಧ್ಯರಾತ್ರಿ ಯಾರಿಗೆ ಗೊತ್ತಾಗುತ್ತದೆ? ನಕಲು ಪ್ರತಿ ಯಾವ ಊರಿನಲ್ಲಿದೆ? ಈ ಏಳಕ್ಕೂ ಉತ್ತರ ಬಂದ ಮೇಲೆಯೇ ಸಹಿ ಹಾಕಿ.

ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೆ ಐದನೆಯದರಲ್ಲಿ ಸಿಕ್ಕಿಬೀಳುತ್ತಿದ್ದೆ. ಆ ವೃದ್ಧೆ ಮಳೆಯಲ್ಲಿ ನೆನೆಯುತ್ತ ಎರಡು ಸಲ ಸಂಘಕ್ಕೆ ಬರಬೇಕಾಗುತ್ತಿರಲಿಲ್ಲ. ಗುಮಾಸ್ತರ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬರೆದಿದ್ದ ಮೊತ್ತವನ್ನು ಹೊಸ ಯಂತ್ರಕ್ಕೆ ನಾನೇ ಕೂತು ಏರಿಸಿದೆ. ಆ ವರ್ಷವೇ ರಜೆ ಹಾಕಿ ಹೋಗಿ ಆ ಕೋಣೆಯ ಕಿಟಕಿ ಮುಚ್ಚಿಸಿ, ರಿಲೇ ಹಾಕಿ ಬಂದೆ. ಗುಮಾಸ್ತರು ಮಾತ್ರ ಪುಸ್ತಕ ಬರೆಯುವುದನ್ನು ಬಿಡಲಿಲ್ಲ. ಬಿಡಬೇಕೆಂದು ನಾನೂ ಹೇಳಲಿಲ್ಲ.